ಬಡಿಗ್ಯಾನ ಬಾವಿಗೆ ಎರಡನೆಯ ಸಾಕ್ಷಿ

ಮೊನ್ನೆ ಟ್ರಂಕಿನ ತಳದಲ್ಲಿದ್ದ, ನಮ್ಮ ಮಾಸ್ತರರು ಬರೆದ ಹಳೆಯ ಪುಸ್ತಕವೊಂದನ್ನು ತೆರೆದೆ. ಹಾಳೆಗಳ ಸಂದಿಯಿಂದ ನಶ್ಯದ ವಾಸನೆ ಮೂಗಿಗೆ ಬಡಿದು ಸೀನಿನ ಮೇಲೆ ಸೀನು ಬಂತು. ಒಳಗಿನಿಂದ ಸೊಸೆ, "ನೆಗಡಿ ಆತೇನ್ರಿ ಮಾವಾರ?" ಎಂದಳು. ನೆಗಡಿಯಲ್ಲ, ಮಾಸ್ತರರು ಬಂದರು ಅಂದುಕೊಂಡೆ...

ಅರವತ್ತರ ದಶಕದ ಮಾತು. ಸಿಂದಗಿಯಲ್ಲಿ ನನ್ನ ಬಡಿಗತನದ ಅಂಗಡಿಗೂ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಬಾಚಿ ಹಿಡಿದವನು. ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು, ಮನೆಯಲ್ಲಿ ಕುಳಿತು ಇತಿಹಾಸ ಬರೆಯುತ್ತಿದ್ದರು. ಈಜಿಪ್ತ, ಬ್ಯಾಬಿಲೋನ, ಮೊಹೆಂಜೊದಾರೊ... ವಿಜಾಪುರದಾಚೆ ಹೆಚ್ಚು ಹೋಗದ ಆ ಮನುಷ್ಯ, ಅಲ್ಲಿನ ಓಣಿಗಳಲ್ಲಿ ಚಪ್ಪಲಿ ಸವೆಸಿ ಬಂದವರ ಹಾಗೆ ಬರೆಯುತ್ತಿದ್ದರು. ಪುಸ್ತಕ ಇಡಲು ನಾನೊಂದು ಕಪಾಟು ಮಾಡಿಕೊಟ್ಟಿದ್ದೆ, ಒಂದು ಮೊಳೆಯನ್ನೂ ಹೊಡೆಯದೆ. ಮನೆಗೆ ಬಂದವರಿಗೆ ಅವರು ಮೊದಲು ಕಪಾಟು ತೋರಿಸಿ ಆಮೇಲೆ ಪುಸ್ತಕ ತೋರಿಸುತ್ತಿದ್ದರು. ನನಗೆ ಅದು ಸರಿಯಾದ ಕ್ರಮ ಎಂದೇ ಕಾಣುತ್ತಿತ್ತು.

ಬರೆದದ್ದನ್ನು ಸಂಜೆ ಅಂಗಡಿಗೆ ತಂದು ಓದಿ ಹೇಳುವುದು ಅವರ ರೂಢಿ. ಒಮ್ಮೆ ಮೊಹೆಂಜೊದಾರೊದಲ್ಲಿ ಸಿಕ್ಕ ಮಣ್ಣಿನ ಆಟಿಕೆ ಬಂಡಿಯ ಚಿತ್ರ ತೋರಿಸಿದರು. ನಾನು ಮಾಡುವ ಚಕ್ಕಡಿಗೆ ಅದು ಅಣ್ಣನಂತಿತ್ತು.

ಕೊನೆಯ ಅಧ್ಯಾಯದಲ್ಲಿ ನಮ್ಮ ಸೀಮೆಯ ಹಳೆಯ ಬಾವಿಗಳ ಬಗ್ಗೆ ಬರೆಯುತ್ತೇನೆ ಎಂದಾಗ ನಾನು ಬಾಚಿ ಕೆಳಗಿಟ್ಟೆ. ನಮ್ಮ ಹಿರಿಯರ ಊರಾದ ಮೋರಟಗಿಯಲ್ಲಿ 'ಬಡಿಗ್ಯಾನ ಬಾವಿ' ಇತ್ತು. ಅದನ್ನು ತೋಡಿಸಿದವನು ನನ್ನ ಅಜ್ಜ. ಹಾಗೆಂದು ಅಪ್ಪ ಹೇಳುತ್ತಿದ್ದ, ನಾನೂ ಗಿರಾಕಿಗಳಿಗೆಲ್ಲ ಹೇಳುತ್ತ ಬಂದಿದ್ದೆ. ರಾಜರ ಪುಸ್ತಕದಲ್ಲಿ ನನ್ನ ಅಜ್ಜನೂ ಅಚ್ಚಾಗಬೇಕೆಂದು ಹಟ ಹಿಡಿದೆ.

"ಬಾವಿಗೆ ಹೆಸರ ಐತಿ ಅಂದ್ರ ತೋಡಿಸಿದವ ಅವನ ಅಂತ ಹ್ಯಾಂಗ ಅಂತಿ ತಮ್ಮಾ? ನಡಿ, ಕೇಳಿಕೊಂಡ ಬರೂಣು" ಎಂದು ಎಬ್ಬಿಸಿಯೇ ಬಿಟ್ಟರು.

ಬಾವಿಯ ಪಕ್ಕದ ಮನೆಯಲ್ಲಿ ಹಣ್ಣುಹಣ್ಣಾದ ಮುಸ್ಲಿಂ ಮುದುಕಿಯೊಬ್ಬಳಿದ್ದಳು. ಮಾಸ್ತರರು ಅವಳನ್ನು ಕೇಳಿದರು, "ಆಯೀ, ಈ ಬಾವಿ ಬಡಿಗ್ಯಾ ತೋಡಿಸಿದ್ನೇನ್ರಿ?"

"ತೋಡಿಸಿದ್ನಾ?" ಮುದುಕಿ ಬೊಚ್ಚು ಬಾಯಿ ತುಂಬ ನಕ್ಕಳು. "ಬಿದ್ದಿದ್ನಪಾ ಅದರಾಗ! ನೀರ ಸೇದೂ ಗಡಗಡಿ ಕೂಡಿಸಿ, 'ಹ್ಯಾಂಗ ಕುಂತೈತಿ ನೋಡ್ರಿ' ಅಂತ ಹಿಂದ ಸರದ, ಇನ್ನಷ್ಟ ಸರದ... ದುಡುಮ್! ಬಿದ್ದ ಮ್ಯಾಲೂ 'ಉಳಸ್ರಿ' ಅನ್ನಲಿಲ್ಲ. 'ಗಡಗಡಿ ಸರಿ ಕುಂತೈತೇನು' ಅಂತ ಒಳಗಿಂದ ಒದರಿದ! ಅದ ಗಡಗಡಿಗೆ ಹಗ್ಗ ಹಾಕಿ ಎಳದ್ರು. ಅವತ್ತಿನಿಂದ ಇದು ಬಡಿಗ್ಯಾನ ಬಾವಿ."

ನಕ್ಕ ಭರಕ್ಕೆ ಮಾಸ್ತರರು ನಶ್ಯದ ಡಬ್ಬಿಯನ್ನೇ ಚೆಲ್ಲಿಕೊಂಡರು. ನನಗೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತೆ. ಸಿಂದಗಿಯಲ್ಲಿ ಇಳಿದವನೇ, "ಇದನ್ನೇನರ ಬರದ್ರಿ ಅಂದ್ರ ನಿಮ್ಮ ಹೊಸ್ತಲಾ ತುಳ್ಯಾಂಗಿಲ್ಲ ನೋಡ್ರಿ" ಎಂದೆ.

"ಹೆದರಬ್ಯಾಡ. ಒಬ್ಬರ ಮಾತಿನ ಮ್ಯಾಲ ನಾ ರಾಜನ್ನೂ ಬರಿಯೂದಿಲ್ಲ, ಬಡಿಗ್ಯಾನ್ನೂ ಬರಿಯೂದಿಲ್ಲ. ಎರಡನೇ ಸಾಕ್ಷಿ ಸಿಗೂತನಾ ನಿಮ್ಮಜ್ಜ ಬಾವಿ ಮ್ಯಾಲನ ಇರ್ತಾನ."

ಪುಸ್ತಕ ಬಂತು. 'ಬಡಿಗನ ಬಾವಿಯನ್ನು ತೋಡಿಸಿದವರು ಯಾರೆಂಬುದಕ್ಕೆ ಆಧಾರ ಸಿಕ್ಕಿಲ್ಲ' ಎಂದು ಒಂದೇ ಸಾಲು. ಅಜ್ಜನಿಗೆ ಸಿಂಹಾಸನವೂ ಇಲ್ಲ, ಮುಳುಗುವುದಕ್ಕೆ ನೀರೂ ಇಲ್ಲ! ಕೆಲವು ದಿನ ಮುನಿಸಿಕೊಂಡೆ. ಆದರೆ ಗೋಡೆಯಾಚೆಯಿಂದ ಅವರ ನಶ್ಯದ ಸೀನು ಕೇಳುತ್ತ ಎಷ್ಟು ದಿನ ಸಿಟ್ಟು ಹಿಡಿಯಲಾದೀತು? ನಾನೇ ಹೋಗಿ ಚಹಾ ಕುಡಿದು ಬಂದೆ.

ಮಾಸ್ತರರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಒಂದು ದಿನ ಅವ್ವನ ಮುಂದೆ ಈ ಮಾತು ತೆಗೆದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ನಾ ಆಗ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಾಕಿ. ಕೊಡಾ ಹಿಡಕೊಂಡ ಅಲ್ಲೇ ನಿಂತಿದ್ನೆಪಾ! ಮಾವನ ನೋಡಿ ನಕ್ರ ಮಂದಿ ಏನಂದಾರು ಅಂತ ಇವತ್ತಿನತನಾ ತಡಕೊಂಡೀನಿ..." ಎಂದವಳು, ಅಷ್ಟು ವರ್ಷ ತಡೆದದ್ದನ್ನೆಲ್ಲ ನಕ್ಕು ತೀರಿಸಿದಳು.

ಗೋಡೆ ತಟ್ಟಿ "ಮಾಸ್ತರ್ರ!" ಎಂದು ಕೂಗಬೇಕೆನಿಸಿತು. ಆಚೆ ಬೇರೆ ಯಾರೋ ಇದ್ದರು...

ಈಗ ಅವ್ವನೂ ಇಲ್ಲ. ಬಾವಿಯನ್ನೂ ಮುಚ್ಚಿದ್ದಾರೆ. ಸೀನು ನಿಂತ ಮೇಲೆ ಕಿವಿಯ ಸಂದಿಯ ಪೆನ್ಸಿಲ್ಲು ತೆಗೆದು ಪುಸ್ತಕದ ಆ ಬಾವಿಯ ಸಾಲಿನ ಪಕ್ಕದಲ್ಲಿ ಬರೆದೆ: 'ಎರಡನೆಯ ಸಾಕ್ಷಿ ಸಿಕ್ಕಿತು, ಮಾಸ್ತರರೇ. ಅಜ್ಜ ಬಿದ್ದದ್ದು ಖರೆ. ಗಡಗಡಿ ಮಾತ್ರ ಸರಿಯಾಗಿಯೇ ಕುಳಿತಿತ್ತು.'