ಮೊಟ್ಟೆಯಿಲ್ಲದ ಬೇಸಿಗೆ

ಇನುತ್ತೆಕ್‌ಗೆ ಏನು ಕೆಲಸ ಅಂತ, ಬಡಗಣ ಧ್ರುವದ ಹತ್ತಿರದ ಆ ಸಿಯೊರಾಪಲುಕ್ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ‘ಗಡಿಯಾರ ನೋಡೋದು.’ ಕರೆಂಟಿನ ಮನೆಯಲ್ಲಿ ಅವನಿಗೆ ಗಂಟೆ ಲೆಕ್ಕದ ಸಂಬಳ. ಡೀಸೆಲ್ ಎಂಜಿನ್ ತನ್ನ ಪಾಡಿಗೆ ತಾನು ಗುಡುಗುಡು ಅನ್ನುತ್ತಿತ್ತು. ಇವನು ಪಕ್ಕದಲ್ಲಿ ಕೂತು, ತಾನಿಲ್ಲದಿದ್ದರೆ ಊರು ಕತ್ತಲಲ್ಲಿ ಮುಳುಗಿಹೋಗುತ್ತದೆ ಎಂದು ನಂಬಲು ಪ್ರಯತ್ನಪಡುತ್ತಿದ್ದ. ಬೇಸಿಗೆಯಲ್ಲಿ ಆ ನಂಬಿಕೆಗೂ ದಾರಿಯಿಲ್ಲ. ಸೂರ್ಯ ಮುಳುಗುವುದೇ ಇಲ್ಲವಲ್ಲ.

ಅವನ ಅವ್ವ ಅಮಾವುನಾಲಿಕ್ ಬೇರೆಯೇ ತರದ ಹೆಂಗಸು. ಊರ ಹಿಂದಿನ ಕಲ್ಲಿನ ಇಳಿಜಾರಿಗೆ ಮೇ ತಿಂಗಳಲ್ಲಿ ಲಕ್ಷಗಟ್ಟಲೆ ಬಂದಿಳಿಯುವ ಅಪ್ಪಲಿಯಾರ್ಸುಕ್ ಹಕ್ಕಿಗಳನ್ನು, ಅಂಗೈಯಷ್ಟುದ್ದದ ಆ ಕಪ್ಪು ಬಿಳಿ ಉಂಡೆಗಳನ್ನು, ಉದ್ದ ಹಿಡಿಯ ಬಲೆ ಬೀಸಿ ಎಡಗೈಯಲ್ಲಿ ಹಿಡಿಯುತ್ತಿದ್ದಳು. ಅವಳು ಬೀಸಿದರೆ ಆಕಾಶದಿಂದ ಹಣ್ಣು ಕಿತ್ತ ಹಾಗೆ. ಮಗ ಬೀಸಿದರೆ ಆಕಾಶಕ್ಕೆ ಗಾಳಿ ಹಾಕಿದ ಹಾಗೆ. ಈ ಮಾತನ್ನು ಅವಳೇ ಹೇಳಿ ನಗುತ್ತಿದ್ದಳು. ಫೆಬ್ರವರಿಯಲ್ಲಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಎರಡನೇ ಲೋಟ ತೊಳೆಯುವ ಕೆಲಸವೇ ಬರಲಿಲ್ಲ.

ಜೂನ್ ಮೊದಲ ವಾರ ತಂಗಿ ಬೆರ್ಥೆ ಕಾನಾಕ್‌ನಿಂದ ಫೋನ್ ಮಾಡಿದಳು. ಅವಳು ಆರು ತಿಂಗಳ ಬಸುರಿ.

“ಅಣ್ಣಾ, ಹೆಣ್ಣಂತೆ. ಅವ್ವನ ಹೆಸರೇ.”

“ಮತ್ತೆ ಇನ್ಯಾರದು?”

“ಅಕ್ಟೋಬರಲ್ಲಿ ಕರಕೊಂಡು ಬರ್ತೀನಿ. ಕಿವಿಯಾಕ್ ಇರಬೇಕು, ಹೇಳಿದೀನಿ. ಅವ್ವ ಮನೆಗೆ ವಾಪಸ್ ಬಂದ್ರೆ ನೀನು ಪಾಸ್ತಾ ಬೇಯಿಸಿ ಕೂರಿಸ್ತೀಯಾ?”

ಸತ್ತವರ ಹೆಸರು ಮಗುವಿಗೆ ಬಂದರೆ ಸತ್ತವರೇ ಬಂದ ಹಾಗೆ. ಅವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಅವ್ವನಿಗೆ ಕಿವಿಯಾಕ್ ಅಂದರೆ ಪ್ರಾಣ: ಮುನ್ನೂರು ಹಕ್ಕಿಗಳನ್ನು ಪುಕ್ಕ ಸಮೇತ ಸೀಲ್ ಪ್ರಾಣಿಯ ಚರ್ಮದೊಳಗೆ ತುಂಬಿ, ಮೇಲೆ ಕೂತು ಗಾಳಿಯನ್ನೆಲ್ಲ ಹಿಂಡಿ, ಹೊಲಿದು, ಹೊಲಿಗೆಗೆ ಕೊಬ್ಬು ಮೆತ್ತಿ, ಕಲ್ಲಡಿ ತಿಂಗಳುಗಟ್ಟಲೆ ಹುದುಗಿಸಿದ ಮೂಟೆ. ಹೋದ ಬೇಸಿಗೆ ಅವಳು ಅಂಥವು ಎರಡು ಮಾಡಿದ್ದಳು. ಒಂದನ್ನು ಅವಳ ತಿಥಿಗೆ ಬಂದವರು ತಿಂದು ಮುಗಿಸಿದ್ದರು. ಇನ್ನೊಂದು ಮನೆಯ ನೆರಳು ಬದಿಯಲ್ಲಿ ಕಲ್ಲುಗಳ ಕೆಳಗೆ ಇನ್ನೂ ಇತ್ತು. ಇನುತ್ತೆಕ್ ಅದರ ಸುದ್ದಿಯನ್ನು ಯಾರ ಹತ್ತಿರವೂ ಎತ್ತಿರಲಿಲ್ಲ. ಅವ್ವನ ಕೈಯಿಂದ ಉಳಿದದ್ದು ಅದೊಂದೇ. ತಂಗಿಗೆ ತಾನೇ ಹೊಸದು ಮಾಡಿಕೊಡುತ್ತೇನೆ ಎಂದುಬಿಟ್ಟ. ಬಲೆ ಬೀಸಲು ಬಾರದವನ ಧೈರ್ಯ ದೊಡ್ಡದು.

ಜೂನ್‌ನಲ್ಲಿ ಅವನಿಗೆ ಇನ್ನೊಂದು ಕೂಲಿಯೂ ಇತ್ತು. ಇಳಿಜಾರಿನಲ್ಲಿ ಹಳದಿ ಬಣ್ಣದಲ್ಲಿ ನಂಬರು ಬರೆದ ಮೂವತ್ತೆಂಟು ಕಲ್ಲುಸಂದುಗಳು. ಒಂದೊಂದರಲ್ಲೂ ಟಾರ್ಚು ಬಿಟ್ಟು, ಮೊಟ್ಟೆ ಇದೆಯೋ ಇಲ್ಲವೋ ಬರೆದು, ಡೆನ್ಮಾರ್ಕಿನ ಬೋದಿಲ್ ಎಂಬ ಹಕ್ಕಿ ತಜ್ಞೆಗೆ ಕಳಿಸಬೇಕು. ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಮೂರು ವರ್ಷದ ಹಿಂದೆ ಇವನು ಸೋಮಾರಿತನದಿಂದ ಮನೆಯಲ್ಲೇ ಕೂತು ಬರೆದಿದ್ದ. ಒಂಬತ್ತನೇ ಸಂದಿನಲ್ಲಿ ಮೊಟ್ಟೆ ಇದೆ ಅಂತ. ಒಂಬತ್ತನೇ ಸಂದಿನ ಮೇಲೆ ಅದಕ್ಕೂ ಮೊದಲಿನ ಚಳಿಗಾಲದಲ್ಲೇ ಬಂಡೆ ಉರುಳಿತ್ತು, ಅದು ಬೋದಿಲ್‌ಗೂ ಗೊತ್ತಿತ್ತು.

ಈ ವರ್ಷ ಹಕ್ಕಿಗಳು ಹೊತ್ತಿಗೆ ಸರಿಯಾಗಿ ಬಂದವು. ಜೂನ್ ನಡುವೆ, ಮೊಟ್ಟೆಯಿಡುವ ದಿನಗಳಲ್ಲೇ, ಮೂರು ದಿನ ಹಿಮ ಸುರಿಯಿತು. ಅದರ ಮೇಲೆ ಮಳೆ. ಹಿಮದ ಮೇಲೆ ಮಳೆ ಬಿದ್ದದ್ದು ಸಾಲದೆ, ಕೂಡಲೇ ಬಡಗಣ ಗಾಳಿ ಬೀಸಿ ಎಲ್ಲ ಹೆಪ್ಪುಗಟ್ಟಿತು. ಇಡೀ ಇಳಿಜಾರು ಗಾಜಾಯಿತು. ಇನುತ್ತೆಕ್ ಹತ್ತಲು ಹೋಗಿ ಎರಡು ಸಲ ಕೂತಲ್ಲೇ ಜಾರಿ ಕೆಳಗೆ ಬಂದ. ಮೂರನೇ ಸಲ ಬೂಟಿಗೆ ಹಗ್ಗ ಸುತ್ತಿಕೊಂಡು ಹತ್ತಿದ.

ಮೇಲೆ ಹಕ್ಕಿಗಳು ಮಂಜುಗಡ್ಡೆಯ ಮೇಲೆ ಜೋಡಿ ಜೋಡಿಯಾಗಿ ನಿಂತಿದ್ದವು. ಪ್ರತಿ ಜೋಡಿಯೂ ತನ್ನ ತನ್ನ ಸಂದಿನ ನೇರ ಮೇಲೆ. ಗಡ್ಡೆಯೊಳಗೆ ಹಳದಿ ನಂಬರುಗಳು ಮಸುಕಾಗಿ ಕಾಣುತ್ತಿದ್ದವು. ಒಂದು ಹಕ್ಕಿ ಹದಿನೇಳರ ಮೇಲೆ ಕೊಕ್ಕಿನಿಂದ ಕುಟ್ಟುವುದು, ಕತ್ತು ಓರೆ ಮಾಡಿ ನೋಡುವುದು, ಮತ್ತೆ ಕುಟ್ಟುವುದು. ಇನ್ನೊಂದು ತಡೆಯಲಾರದೆ ಅಲ್ಲೇ ಇಟ್ಟುಬಿಟ್ಟಿತು. ತಿಳಿನೀಲಿ ಮೊಟ್ಟೆ ಅಷ್ಟು ದೂರ ಉರುಳಿತು. ಕಡಲಕಾಗೆಯೊಂದು ಅವಸರವಿಲ್ಲದೆ ನಡೆದು ಬಂದು ಅದನ್ನು ನುಂಗಿತು.

ಅವನು ಮೂವತ್ತೆಂಟು ಸಲ ‘ಇಲ್ಲ’ ಎಂದು ಬರೆದ. ವಾರ ಬಿಟ್ಟು ಹತ್ತಿದ, ಮತ್ತೆ ಮೂವತ್ತೆಂಟು ‘ಇಲ್ಲ’.

ಬೋದಿಲ್ ಫೋನ್ ಮಾಡಿದಳು. “ಇನುತ್ತೆಕ್, ಬೇಜಾರು ಮಾಡ್ಕೋಬೇಡ. ನಿಜ ಹೇಳು, ಮನೇಲೇ ಕೂತು ಬರೆದ್ಯಾ?”

“ಮನೇಲಿ ಕೂತಿದ್ರೆ ಇಪ್ಪತ್ತಾದ್ರೂ ಮೊಟ್ಟೆ ಬರೀತಿದ್ದೆ.”



ಮಾರನೆಯ ದಿನ ಬಲೆ ತಗೊಂಡು ಹತ್ತಿದ. ಮುನ್ನೂರು ಬೇಕಲ್ಲ. ಹಿಂದೆಯೇ ಚಿಕ್ಕವ್ವ ತುಕುಮ್ಮೆಕ್, ಅವ್ವನ ತಂಗಿ, ಏದುಸಿರು ಬಿಡುತ್ತ ಬಂದಳು. ಹಕ್ಕಿಗಳು ಕಾಲ ಬುಡದಲ್ಲೇ ನಿಂತಿದ್ದವು, ಹಾರಲಿಲ್ಲ. ಬಲೆಯನ್ನು ಸುಮ್ಮನೆ ಮೇಲೆ ಇಟ್ಟರೂ ಸಾಕು. ಅವನ ಜನ್ಮದಲ್ಲಿ ಇಷ್ಟು ಸುಲಭದ ಬೇಟೆ ಸಿಕ್ಕಿರಲಿಲ್ಲ. ಬಲೆ ಎತ್ತಿದ. ಹದಿನೇಳರ ಹಕ್ಕಿ ಕುಟ್ಟುವುದನ್ನು ನಿಲ್ಲಿಸಿ ಇವನನ್ನು ನೋಡಿತು, ಮತ್ತೆ ಕುಟ್ಟತೊಡಗಿತು. ಬಲೆ ಇಳಿಸಿದ.

“ಏನಾಯ್ತೋ?”

“ಕೈ ಬರ್ತಿಲ್ಲ ಚಿಕ್ಕವ್ವ.”

“ನಿಂಗೆ ಯಾವತ್ತು ಬಂದಿತ್ತು?” ಅಂದಳು. ಆದರೆ ತನ್ನ ಬಲೆಯನ್ನೂ ಅವಳು ಎತ್ತಲಿಲ್ಲ. ಅವನ ಪಕ್ಕ ಕೂತುಕೊಂಡಳು. “ನಾವು ಹಿಡಿಯೋದು ಮೇಲೆ ಸುತ್ತೋ ಎಳೆಯವನ್ನ. ಇವು ಮನೆ ಬಾಗಿಲು ಕಾಯ್ತಾ ನಿಂತಿರೋವು. ಬಾಗಿಲು ತೆರೆದ ಮೇಲೆ ಬೀಸೋಣ ಬಿಡು.”

ಬಾಗಿಲು ತೆರೆಯಲಿಲ್ಲ. ಜುಲೈ ಮೊದಲ ವಾರ ಒಂದು ಬೆಳಿಗ್ಗೆ ಅಷ್ಟೂ ಹಕ್ಕಿಗಳು ಎದ್ದು ಕಡಲಿಗೆ ಹೋದವು. ಬೇರೆ ವರ್ಷವಾಗಿದ್ದರೆ ಆಗಸ್ಟ್ ನಡುವಿನವರೆಗೆ ಊರಲ್ಲಿ ಪಕ್ಕದವನ ಮಾತು ಕೇಳದಷ್ಟು ಗಲಾಟೆ. ಈಗ ಇಡೀ ಕೊಲ್ಲಿಯಲ್ಲಿ ಸದ್ದು ಮಾಡುತ್ತಿದ್ದದ್ದು ಇನುತ್ತೆಕ್‌ನ ಎಂಜಿನ್ ಒಂದೇ. ಒಂದು ಮಧ್ಯಾಹ್ನ ಎಣ್ಣೆ ಬದಲಿಸಲು ಅದನ್ನೂ ಆರಿಸಿದ. ಅಷ್ಟು ಮೌನ ಅವನಿಗೆ ಸಂಬಳದ ಕರಾರಿನಲ್ಲಿ ಬರೆದಿರಲಿಲ್ಲ. ಗಡಿಬಿಡಿಯಲ್ಲಿ ಎಣ್ಣೆ ಚೆಲ್ಲಿಕೊಂಡು ಮತ್ತೆ ಚಾಲೂ ಮಾಡಿದ.

ಸೆಪ್ಟೆಂಬರಲ್ಲಿ ಮಗು ಹುಟ್ಟಿತು. ಅಕ್ಟೋಬರಲ್ಲಿ, ತಂಗಿಯನ್ನು ಕರೆತರುವ ಹೆಲಿಕಾಪ್ಟರ್ ಬರುವ ವಾರ, ಚಿಕ್ಕವ್ವ ಬಾಗಿಲಲ್ಲಿ ನಿಂತಳು.

“ಊಟಕ್ಕೆ ಏನು?”

“ಸೀಲ್ ಮಾಂಸ ಇದೆ. ಅಂಗಡೀಲಿ ಕೇಕ್ ಇದೆ.”

“ಆ ಕಲ್ಲಿನ ಕೆಳಗೆ ಇರೋದೇನು, ಮೊಲಾನಾ?”

ಅವನು ಒಲೆಯ ಕಡೆ ತಿರುಗಿದ. “ಅದು ಅವ್ವಂದು ಚಿಕ್ಕವ್ವ.”

“ಬರ್ತಿರೋದು ಯಾರು ಮತ್ತೆ?”

ಅವಳು ಹೋದ ಮೇಲೆ ಉಳಿ ತಗೊಂಡು ನೆರಳು ಬದಿಗೆ ಹೋದ. ಕಲ್ಲುಗಳ ನಡುವೆ ಜೂನ್‌ನ ಆ ಮಂಜುಗಡ್ಡೆಯೇ ಇನ್ನೂ ಕೂತಿತ್ತು. ಹಕ್ಕಿಗಳ ಬಾಗಿಲು ಮುಚ್ಚಿದ್ದು ಇಲ್ಲಿ ಮೂಟೆಯನ್ನು ತಣ್ಣಗೆ ಕಾದಿತ್ತು. ಬೈಯಬೇಕೋ ಬೇಡವೋ ಗೊತ್ತಾಗದೆ ಒಡೆದ. ಮೂಟೆಯ ಹೊಲಿಗೆ ಎಡಗೈಯವರ ಹೊಲಿಗೆ, ಪೂರಾ ಎಡಕ್ಕೆ ವಾಲಿತ್ತು. ಕೊಬ್ಬಿನ ಮೇಲೆ ಒಂದು ಹೆಬ್ಬೆರಳಿನ ಗುರುತು. ತನ್ನ ಹೆಬ್ಬೆರಳನ್ನು ಅಲ್ಲಿ ಇಟ್ಟು ನೋಡಿದ. ಇವನದು ದೊಡ್ಡದಾಯಿತು. ಬೆರಳು ಮರಗಟ್ಟುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ತಂದ.

ಎಲ್ಲರೂ ಬಂದರು, ಎಲ್ಲರೂ ತಿಂದರು. ಬಾಯಿಂದ ಪುಕ್ಕ ತೆಗೆಯುತ್ತ, ಹದವಾಗಿದೆ ಅಂದರು. ಬೆರ್ಥೆ ಒಂದು ಚೂರು ಕೊಬ್ಬನ್ನು ಮಗುವಿನ ತುಟಿಗೆ ತಾಗಿಸಿದಳು. ಮಗು ಮುಖ ಹಿಂಡಿ ಸೀನಿತು.

“ಅವ್ವಾ,” ಅಂದ ಇನುತ್ತೆಕ್, “ನೀನೇ ತುಂಬಿದ್ದು. ನನ್ನ ಮೇಲೆ ಹಾಕ್ಬೇಡ.”

ಮನೆ ತುಂಬ ನಗು. ಫೆಬ್ರವರಿಯಿಂದ ‘ಅವ್ವಾ’ ಎಂದು ಅವನು ಯಾರನ್ನೂ ಕರೆದಿರಲಿಲ್ಲ.

ಮೂರನೇ ದಿನ ಹೆಲಿಕಾಪ್ಟರ್ ಅವ್ವನನ್ನೂ ತಂಗಿಯನ್ನೂ ವಾಪಸ್ ಒಯ್ದಿತು. ಇನುತ್ತೆಕ್ ಖಾಲಿ ಗುಂಡಿಯ ಮೇಲೆ ಕಲ್ಲುಗಳನ್ನು ಮೊದಲಿದ್ದ ಹಾಗೇ ಜೋಡಿಸಿದ. ಸೂರ್ಯ ಆಗಲೇ ಕೊಲ್ಲಿಯಾಚೆ ಒಂದು ಗಳಿಗೆ ಇಣುಕಿ ಹೋಗುವ ದಿನಗಳು. ಕರೆಂಟಿನ ಮನೆಗೆ ಹೋಗಲು ಇನ್ನೂ ಅರ್ಧ ಗಂಟೆ ಇತ್ತು. ಬಲೆ ತಂದು, ಕಾಲು ಅಗಲಿಸಿ ನಿಂತು, ಒಂದು ಹಕ್ಕಿಯೂ ಇಲ್ಲದ ಆಕಾಶಕ್ಕೆ ಬೀಸಿದ. ಮತ್ತೆ ಬೀಸಿದ. ಈ ಸಲ ಎಡಗೈಯಲ್ಲಿ.

ಚಿಕ್ಕವ್ವ ಕಿಟಕಿ ತೆರೆದು ಕೂಗಿದಳು: “ಏನೋ, ಆಕಾಶಕ್ಕೆ ಸೆಕೆಯಾ?”

“ಹೂಂ ಚಿಕ್ಕವ್ವ,” ಅಂದ. “ಮೇ ತಿಂಗಳವರೆಗೂ ಬೀಸಬೇಕು.”