ಬಂಗಾಳಿ ಅಪ್ಪನೂ ಚೌಕಳಿ ಅಂಗಿಯೂ

ಬಡ ಅಪ್ಪಂದಿರ ಸಿನಿಮಾ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹರಕು ಬನಿಯನ್ನು, ಬೆವರು, ತಾನು ಉಪವಾಸವಿದ್ದು ಮಗನಿಗೆ ಉಣಿಸುವುದು, ಹಿನ್ನೆಲೆಗೆ ಒಂದು ಕೊಳಲು. ನೋಡಿದವರು ಕಣ್ಣೊರೆಸಿಕೊಂಡು ಕಾರು ಹತ್ತಿ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಾರೆ. ಬಡತನ ಮನುಷ್ಯನನ್ನು ದೇವರು ಮಾಡುತ್ತದೆ ಎಂದು ಇವರಿಗೆ ಹೇಳಿದವರು ಯಾರು? ನಾನು ಬಡ ಅಪ್ಪನ ಮಗ. ನಾನು ಕಂಡ ಬಡತನ ಸಿಡುಕುತ್ತದೆ, ಸುಳ್ಳು ಹೇಳುತ್ತದೆ, ಕೈಗೆ ಸಿಕ್ಕ ಚಿಕ್ಕವರಿಗೆ ಬಾರಿಸುತ್ತದೆ.

ಹೀಗಿರುವಾಗ ಅಂಥದೊಂದು ಬಂಗಾಳಿ ಸಿನಿಮಾಕ್ಕೆ ಬಾಯಾಗುವ ಕೆಲಸ ನನ್ನ ತಲೆಗೇ ಬಂತು.

ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮ ಕಡೆಯ ಹಿರಿಯರು ಸೇರುತ್ತಾರೆ. ಮಕ್ಕಳ ಮನೆಗೆಂದು ಈ ಪರದೇಶಕ್ಕೆ ಬಂದು, ಮೊಮ್ಮಕ್ಕಳ ಇಂಗ್ಲಿಷಿಗೆ ತಲೆದೂಗಿ ಸುಸ್ತಾದ ಅಪ್ಪ ಅಮ್ಮಂದಿರು. ಅವರಿಗೆ ಸಿನಿಮಾ ತೋರಿಸುತ್ತೇವೆ. ಕನ್ನಡದ್ದಲ್ಲದ ಸಿನಿಮಾ ಇದ್ದರೆ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿ, ನಮ್ಮಲ್ಲೊಬ್ಬರು ಮೈಕು ಹಿಡಿದು ಆ ಮಾತನ್ನು ಕನ್ನಡದಲ್ಲಿ ಹೇಳಬೇಕು. ಇದನ್ನು ನಡೆಸುವ ಮೈಸೂರಿನ ಹೆಂಗಸು ಪ್ರತಿ ತಿಂಗಳು ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: “ಈ ಸಲ ಬಾಯಿ ಯಾರ್ದು?”

ಆ ಸಲ ನನ್ನದು. ಸಿನಿಮಾ ತಂದವನು ನನ್ನ ಆಫೀಸಿನ ಬಂಗಾಳಿ ಗೆಳೆಯ. ಅಪ್ಪ ಮಗನ ಸಂಬಂಧದ ಬಗ್ಗೆ ಇಂಥ ಚಿತ್ರ ಇನ್ನೊಂದಿಲ್ಲ ಎಂದು ವಾರವೆಲ್ಲ ತಲೆ ತಿಂದಿದ್ದ. ಅವನಿಗೆ ಕನ್ನಡದ ಒಂದಕ್ಷರ ಬಾರದು. ನಮ್ಮ ಹಿರಿಯರಿಗೆ ಬಂಗಾಳಿ ಬಾರದು, ದೂರದ ಸಣ್ಣ ಅಕ್ಷರ ಕಾಣದು. ನಡುವೆ ಇದ್ದವನು ನಾನೊಬ್ಬನೇ.

ಮತ್ತು ಮುಂದಿನ ಸಾಲಿನ ಮಡಚುವ ಕುರ್ಚಿಯಲ್ಲಿ ನನ್ನ ಅಪ್ಪ ಕೂತಿದ್ದ.

ಅಪ್ಪ ಗದಗಿನ ಬಜಾರಿನಲ್ಲಿ ದರ್ಜಿಯಾಗಿದ್ದವನು. ಸ್ಯಾನ್ ಮಟಿಯೋದ ನನ್ನ ಮನೆಗೆ ಮೊದಲ ಸಲ ಬಂದಿದ್ದ; ಮುಂದಿನ ವಾರ ವಾಪಸು ಹೊರಡುವವನಿದ್ದ. ಮಂಡಿ ಸವೆದಿದೆ, ಇನ್ನೊಂದು ಸಲ ಬರುವುದಿಲ್ಲ ಎಂದು ಅವನೇ ಹೇಳಿಬಿಟ್ಟಿದ್ದ. ಬಂದಾಗಿನಿಂದ ನಾನು ಅವನ ಬಾಯಿಂದ ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ. ಅದು ಬಾರದೆ ಅವನು ವಿಮಾನ ಹತ್ತಿದರೆ ಆ ಮಾತು ಇನ್ನೆಂದೂ ಬರುವುದಿಲ್ಲವೆಂಬುದು ನನಗೆ ಖಾತ್ರಿಯಿತ್ತು.

ದರ್ಜಿಗಳ ಮನೆಯ ಮಕ್ಕಳು ಹೇಗೆ ಬಟ್ಟೆ ಹಾಕಿಕೊಳ್ಳುತ್ತಾರೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಿರಾಕಿ ತಂದ ಅರಿವೆಯಲ್ಲಿ ಜಾಣ ದರ್ಜಿ ಒಂದಿಷ್ಟು ಉಳಿಸುತ್ತಾನೆ. ಬಜಾರಿನಲ್ಲಿ ಎಲ್ಲರೂ ಉಳಿಸುತ್ತಿದ್ದರು, ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಆ ತುಣುಕುಗಳನ್ನು ಕೂಡಿಸಿ ಅಪ್ಪ ನನಗೆ ಅಂಗಿ ಹೊಲಿಯುತ್ತಿದ್ದ. ಬೆನ್ನು ಒಂದು ಮನೆಯದು, ತೋಳು ಇನ್ನೊಂದು ಮನೆಯದು. ಒಂದು ಸಲ ಮಾತ್ರ ಕೆಂಪು ನೀಲಿ ಚೌಕಳಿಯ ಅರಿವೆ ಜಾಸ್ತಿಯೇ ಉಳಿದು, ಇಡೀ ಅಂಗಿ ಒಂದೇ ಬಣ್ಣದ್ದಾಯಿತು. ನಾನು ಕುಣಿದಾಡಿದೆ. ಹಾಕಿಕೊಂಡು ನೇರ ಅಂಗಡಿಗೇ ಹೋಗಿ ಕಟ್ಟೆಯ ಮೇಲೆ ಕೂತೆ.

ಆ ಅರಿವೆಯ ಧಣಿ, ಕಾಳಿನ ಸಾಹುಕಾರ, ಅಂದೇ ಬಂದ. ನನ್ನ ಅಂಗಿಯ ಕಾಲರು ಹಿಡಿದು ಎತ್ತಿ ಕೇಳಿದ: “ಇದು ನಮ್ಮ ಅರಿವಿ ಅಲ್ಲೇನೋ?”

ಅಪ್ಪ ಮಷೀನಿನಿಂದ ಎದ್ದು ಬಂದ. ನನ್ನ ಪರವಾಗಿ ಬಂದನೆಂದು ನಾನು ತಿಳಿದೆ. ಬಂದವನು ಬಜಾರಿನ ಮಂದಿಯ ಮುಂದೆ ನನ್ನ ಕೆನ್ನೆಗೆ ಬಾರಿಸಿ ಹೇಳಿದ: “ನಾ ಅಲ್ರೀ ಸಾವ್ಕಾರ್ರ, ಇವನ ಕದ್ದಾನ. ಬಡೀರಿ ಇವಗ.” ಅಲ್ಲೇ ಗುಂಡಿ ಬಿಚ್ಚಿಸಿ ಅಂಗಿಯನ್ನು ಸಾಹುಕಾರನ ಕೈಗೆ ಕೊಟ್ಟ. ನಾನು ಬರಿಮೈಯಲ್ಲಿ ಮನೆಗೆ ನಡೆದೆ. ಮರುದಿನದಿಂದ ಶಾಲೆಯಲ್ಲಿ ನನಗೆ ಅರಿವಿಗಳ್ಳ ಎಂದು ಹೆಸರು ಬಿತ್ತು; ಹೈಸ್ಕೂಲು ಮುಗಿಯುವತನಕ ಬಿಡಲಿಲ್ಲ. ಅಪ್ಪ ಅದರ ಬಗ್ಗೆ ಅಂದು ಸಂಜೆಯೂ ಮಾತಾಡಲಿಲ್ಲ, ಆಮೇಲೆಯೂ ಇಲ್ಲ. “ನೀನು ಕದ್ದಿರಲಿಲ್ಲ, ನಾನು ಸುಳ್ಳು ಹೇಳಿದೆ.” ಇಷ್ಟೇ ನನಗೆ ಬೇಕಿದ್ದದ್ದು.

ಸಿನಿಮಾ ಶುರುವಾಯಿತು. ನಾನು ಎಣಿಸಿದ್ದೆಲ್ಲ ಇತ್ತು, ಕೊಳಲೂ ಇತ್ತು. ಸರಕು ಹೊರುವ ಸೈಕಲ್ ಗಾಡಿ ತುಳಿಯುವ ಅಪ್ಪ, ತಾಯಿಯಿಲ್ಲದ ಮಗ. ಇದ್ದ ಒಂದು ಮೀನಿನ ತುಂಡನ್ನು ಅಪ್ಪ ಮಗನ ತಟ್ಟೆಗೆ ಸರಿಸಿದ. ನಾನು ಹಲ್ಲು ಕಚ್ಚಿ ಹೇಳಿದೆ: “ನನಗೆ ಹಸಿವಿಲ್ಲ ಮಗನೇ, ನೀನು ತಿನ್ನು.” ಹಿಂದೆ ಆಗಲೇ ಯಾರೋ ಮೂಗು ಸೀಟಿದರು. ನನ್ನ ಅಪ್ಪ ಸಮೋಸದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತದೇಕಚಿತ್ತನಾಗಿ ನೋಡುತ್ತಿದ್ದ. ಆ ಒಳ್ಳೆಯತನವನ್ನೆಲ್ಲ ನನ್ನ ಗಂಟಲಿನಿಂದಲೇ ಅವನ ಕಿವಿಗೆ ಹಾಕಬೇಕಾಗಿ ಬಂದದ್ದಕ್ಕೆ ನನಗೆ ರೇಗುತ್ತಿತ್ತು.

ಕತ್ತಲ ರಸ್ತೆಯಲ್ಲಿ ಅಪ್ಪ ಬೀಳುತ್ತಾನೆಂದು ಆ ಹುಡುಗ ಒಂದು ಅಂಗಡಿಯಿಂದ ಬ್ಯಾಟರಿ ಕದಿಯುತ್ತಾನೆ. ಅಂಗಡಿಯವನು ಜನ ಕಟ್ಟಿಕೊಂಡು ಬರುತ್ತಾನೆ. ಅಪ್ಪ ಮಗನನ್ನು ಬೆನ್ನ ಹಿಂದೆ ಎಳೆದುಕೊಂಡು, ಎದೆ ಮುಟ್ಟಿಕೊಂಡು ಏನೋ ಹೇಳುತ್ತಾನೆ. ಕೆಳಗೆ ಇಂಗ್ಲಿಷಿನಲ್ಲಿ ಬಂತು: ಕದ್ದವನು ನಾನು, ಹುಡುಗನಿಗೆ ಏನೂ ಗೊತ್ತಿಲ್ಲ.

ಓದಿದೆ. ನನ್ನ ಬಾಯಿಂದ ಹೊರಟದ್ದು ಬೇರೆ.

“ನಾ ಅಲ್ರೀ ಸಾವ್ಕಾರ್ರ, ಇವನ ಕದ್ದಾನ. ಬಡೀರಿ ಇವಗ.”

ಬಾಯಿತಪ್ಪಿ ಬಂದದ್ದು ಎಂದು ನಾನು ಹೇಳುವುದಿಲ್ಲ. ಪರದೆಯ ಮೇಲೆ ಜನ ಆ ಅಪ್ಪನ ಮೇಲೆ ಬಿದ್ದು ಚಚ್ಚತೊಡಗಿದರು.

“ಅಲ್ಲ, ಮತ್ತೆ ಇವ್ನಿಗ್ಯಾಕೆ ಹೊಡೀತಿದಾರೆ?” ಎಂದು ಮೈಸೂರಿನ ಹೆಂಗಸು ಕೇಳಿದರು.

“ಸುಳ್ಳು ಹೇಳಿದ್ದಕ್ಕೆ,” ಎಂದೆ ಮೈಕಿನಲ್ಲಿ.

ಉಡುಪಿಯ ಒಬ್ಬ ಅಜ್ಜಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಎಂಥ ಅಪ್ಪ ಮಾರಾಯ್ರೇ ಇವ! ಹೆತ್ತ ಮಗನ ಮೇಲೆ ಹಾಕುದಾ? ಹೊಡೀಲಿ ಬಿಡಿ, ಸಮಾ ಹೊಡೀಲಿ!”

ಆಮೇಲೆ ಎಲ್ಲರಿಗೂ ಬಾಯಿ ಬಂತು. ನಾಚಿಕೆಗೆಟ್ಟವ ಎಂದರು, ಮೀನಿನ ತುಂಡು ಕೊಟ್ಟದ್ದೂ ನಾಟಕವೇ ಎಂದರು. ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂದು ಬಜಾರಿನಲ್ಲಿ ನನ್ನ ಪರ ಒಬ್ಬನೂ ತುಟಿ ಬಿಚ್ಚಿರಲಿಲ್ಲ. ಇಂದು ಒಂದು ಕ್ಲಬ್‌ಹೌಸು ತುಂಬ ಜನ ನನ್ನ ಪರ ಬೈಯುತ್ತಿದ್ದರು, ಬೈಸಿಕೊಳ್ಳಬೇಕಾದವನು ಮುಂದಿನ ಸಾಲಿನಲ್ಲೇ ಇದ್ದ. ಅವನ ಕುತ್ತಿಗೆ ಅಲುಗಲಿಲ್ಲ. ಸಮೋಸ ಹಾಗೇ ಇತ್ತು.

ಸಿನಿಮಾ ಅಲ್ಲಿಂದ ಹಳ್ಳ ಹಿಡಿಯಿತು. ಏಟು ತಿಂದ ಅಪ್ಪ ಹಾಸಿಗೆ ಹಿಡಿದ, ಮಗ ಗಾಡಿ ತುಳಿದ, ಕೊಳಲು ಸೀಳಿಹೋಗುವಷ್ಟು ಕೂಗಿತು, ನಮ್ಮವರು ಯಾರೂ ಒಂದು ಹನಿ ಅಳಲಿಲ್ಲ. “ಮಾಡಿದ್ದುಣ್ಣೋ ಮಹರಾಯ,” ಎಂದು ಒಬ್ಬರು ಆಕಳಿಸಿದರು. ದೀಪ ಹಾಕಿದಾಗ ಬಂಗಾಳಿ ಗೆಳೆಯನ ಕಣ್ಣು ಕೆಂಪಾಗಿತ್ತು. ಹಂಚಲೆಂದು ತಂದಿದ್ದ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಸಾಲು ಸಾಲಿಗೂ ಹೋಗಿ ಮುಖ ಮುಖ ನೋಡಿದ. ನಿಮ್ಮವರಿಗೆ ಕರುಳೇ ಇಲ್ಲವೇನೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಿನ್ನ ಸಿನಿಮಾದಲ್ಲೇ ಹುರುಳಿಲ್ಲ ಎಂದು ನಾನೂ ಹೇಳಿದೆ. ಅವನು ಡಬ್ಬಿ ಮುಚ್ಚಿಕೊಂಡು ಹೊರಟುಹೋದ.

ಮನೆಗೆ ಹೊರಟ ಕಾರು ಸ್ಯಾನ್ ಮಟಿಯೋ ಸೇತುವೆ ಹತ್ತಿತು. ಎರಡೂ ಕಡೆ ನೀರು, ಮುಂದೆ ಬ್ರೇಕು ದೀಪಗಳು. ಅಪ್ಪನೇ ಬಾಯಿ ತೆಗೆದ.

“ಅಂವಾ ಹಂಗ ಅಂದಿಲ್ಲ.”

“ಯಾರು?”

“ಸಿನಿಮಾದಾಂವ. ಇವನ ಕದ್ದಾನ ಅನ್ನಾಂವ ಬೆರಳು ತೋರಸ್ತಾನ. ಅಂವಾ ಮಗನ್ನ ಹಿಂದ ಹಾಕ್ಕೊಂಡು ತನ್ನ ಎದಿ ಮುಟ್ಟಿಕೊಂಡ. ನೀ ಆಡಿದ್ದು ಅವನ ಮಾತಲ್ಲ, ನನ್ನ ಮಾತು.”

ಅಂದರೆ ಇಷ್ಟು ವರ್ಷವೂ ಮುದುಕನಿಗೆ ನೆನಪಿತ್ತು. ಈಗ ಬಂದ ಸಿಟ್ಟಿನ ಮುಂದೆ, ಮರೆತಿದ್ದಾನೆಂದು ಅಂದುಕೊಂಡಾಗ ಇದ್ದ ಸಿಟ್ಟು ಏನೇನೂ ಅಲ್ಲ.

“ನಿನ್ನದೇ ಮಾತು,” ಎಂದೆ. “ಹಂಗಾರ ಈಗರೆ ಹೇಳು. ಆ ಅರಿವಿ ಕದ್ದಾಂವ ಯಾರು?”

ಅಪ್ಪ ಕಿಟಕಿಯ ಕಡೆ ತಿರುಗಿದ. ಎದುರಿನ ದಡ ಬಂತು. ಕಾದು ಕಾದು, ಇವನು ಹೀಗೆಯೇ ಹೋಗುತ್ತಾನೆ, ಹೋಗಲಿ, ಹಾಳಾಗಿ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ.

“ಆ ಉಡುಪಿ ಮುದುಕಿ ಚಲೋ ಬೈದಳು,” ಎಂದ. “ನನಗ ಬೈಯಾಕತ್ತಾಳ ಅಂತ ಕೂತು ಕೇಳಿದೆ. ಕೇಳಬೇಕಾದ್ದ. ಆದ್ರ ಸಿನಿಮಾದ ಆ ಬಂಗಾಲದಾಂವಗ ಯಾಕ ಬೈಸಿದಿ? ಅಂವಾ ಏನ್ ಮಾಡಿದ್ದ? ಏನೂ ಮಾಡದಾಂವನ್ನ ಮಂದಿ ಮುಂದ ನಿಲ್ಲಿಸಿ, ನಾ ಕದ್ದದ್ದನ್ನ ನಿನ್ನ ಮ್ಯಾಲೆ ಹಾಕಿದಂಗ, ನೀ ಅವನ ಮ್ಯಾಲೆ ಹಾಕಿದಿ. ಭೇಷ್ ಕಲತಿ.”

ಅಷ್ಟು ಹೇಳಿ ಸೀಟ್‌ಬೆಲ್ಟಿನ ಅಂಚಿನ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡತೊಡಗಿದ.

ನಾನು ಕಾದಿದ್ದ ಮಾತು ಬಂದಿತ್ತು. ಅದಕ್ಕೆಂದೇ ಬೇರೆ ಅರಿವೆ ಕತ್ತರಿಸಿದಂತೆ ಬೇರೆ ಮಾತನ್ನೇನೂ ಅವನು ಆಡಲಿಲ್ಲ. ನನ್ನನ್ನು ಬೈಯಲು ತೆಗೆದ ಮಾತಿನಲ್ಲೇ, ಮಿಕ್ಕ ಜಾಗಕ್ಕೆ ಅದನ್ನು ಕೂಡಿಸಿಬಿಟ್ಟಿದ್ದ. ಯಾವಾಗಿನಂತೆ ನನ್ನ ಪಾಲಿಗೆ ಬಂದದ್ದು ಉಳಿದ ತುಣುಕು. ಅಳತೆ ಮಾತ್ರ ಸರಿಯಾಗಿತ್ತು.