ಮೊದಲು ಹೊರಟ ಚೀಲ

ಮದ್ದೂರಿನ ಹೋಟೆಲಿನಲ್ಲಿ ವಡೆ ಬಂದಾಗಲೇ ಗೊತ್ತಾದದ್ದು, ನನ್ನ ಕೈಚೀಲ ಕಾರಿನಲ್ಲಿಲ್ಲ. ಬಾದಾಮಿ, ಹಂಪಿ, ಗೋಕರ್ಣ, ಉಡುಪಿ ಎಂದು ತಿಂಗಳುಗಟ್ಟಲೆ ಕೂತು ದಾರಿ, ವಸತಿ ಎಲ್ಲ ಬರೆದಿಟ್ಟ ನೋಟ್‌ಬುಕ್ಕು ಅದರಲ್ಲೇ ಇತ್ತು. ಇವತ್ತು ಪ್ರಯಾಣಕ್ಕೆ ದಿನ ಚೆನ್ನಾಗಿಲ್ಲವೆಂದು ಅತ್ತೆ ನಿನ್ನೆಯೇ ಒಳ್ಳೆ ಗಳಿಗೆ ನೋಡಿ ಆ ಚೀಲವನ್ನು ಮಳವಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಇಡಿಸಿದ್ದರು. ಚೀಲ ಹೊರಟರೆ ನಾವೇ ಹೊರಟಂತೆ. ಬೆಳಿಗ್ಗೆ ಅದನ್ನು ಎತ್ತಿಕೊಳ್ಳಲು ಎಲ್ಲರೂ ಮರೆತಿದ್ದೆವು.

ನಮ್ಮವರು ಪಕ್ಕದ ಮನೆಯ ಸಾಕಮ್ಮನವರಿಗೆ ಫೋನ್ ಮಾಡಿದರು.

"ಇಲ್ಲೇ ದೇವರ ಮುಂದೆ ಅದೆ ಕಣಪ್ಪ. ಅದ್ನ ಬುಟ್ಟು ನೀವೆಲ್ಲಿಗೆ ಓಯ್ತಿದ್ದೀರಿ?"

ನನಗೆ ಅಳುವೇ ಬಂತು. ನಮ್ಮವರು ಅತ್ತೆಯತ್ತ ತಿರುಗಿದರು. "ಒಂಟ ಮೇಲೆ ವಾಪಸ್ ಓಗ್ಬಾರ್ದು ಅಂತ ನೀನೇ ಅಲ್ವೇನವ್ವ ಹೇಳೋದು?"

ಅತ್ತೆ ನಿಧಾನವಾಗಿ ವಡೆ ಮುರಿದರು.

"ಒಂಟಿರೋದು ಚೀಲ ಕಣ್ಲಾ. ನಾವು ವಡೆ ತಿನ್ನಾಕೆ ಬಂದಿರೋದು."